ನಿಂಬರ್ಗಾದ ಮೋಟಾರಿಗೆ ನಂಬರ್ ಕಟ್ಟಿದ್ದು

ನಿಂಬರ್ಗಾದ ಬಸವಂತರಾಯರು ಸೊಲ್ಲಾಪುರದಿಂದ ಹಳೇ ಮೋಟಾರು ಕೊಂಡು ತಂದದ್ದು ತಮ್ಮ ಷೋಕಿಗಲ್ಲ, ತಾಯಿಗಾಗಿ. ನಿಂಬೆವ್ವನ ಸೊಂಟ ಹಿಡಿದು ಎಂಟು ವರ್ಷವಾಗಿತ್ತು. ಚಕ್ಕಡಿ ಒಂದು ಕಲ್ಲು ಹತ್ತಿ ಇಳಿದರೆ ಸಾಕು, ಮುದುಕಿ ಜೀವ ಹೋಗುವವರಂತೆ ಕೂಗುತ್ತಿದ್ದಳು. ಹಾಗಾಗಿ ಅಫಜಲಪುರಕ್ಕೆ ಕೊಟ್ಟ ತನ್ನ ತಂಗಿ ಗಂಗಾಬಾಯಿಯ ಮುಖವನ್ನೂ ಎಂಟು ವರ್ಷದಿಂದ ಕಂಡಿರಲಿಲ್ಲ. ಅತ್ತ ಗಂಗಾಬಾಯಿಯ ಮೊಣಕಾಲು ಬಿದ್ದುಹೋಗಿ ಅವಳೂ ಬರುವಂತಿರಲಿಲ್ಲ. ಈಗ ಅವಳ ಮೊಮ್ಮಗಳು ಹಡೆದಿದ್ದಳು. ಸೋಮವಾರ ತೊಟ್ಟಿಲ ಕಾರ್ಯ.

"ಮೆತ್ತನ್ನ ಸೀಟಿನ ಮ್ಯಾಲ ಕೂತು ಹೋಗ್ತಿ ಬೇ ಯವ್ವಾ," ಅಂದಿದ್ದರು ರಾಯರು.

ಅದು ನಿಜಾಮ ಸರಕಾರದ ಕಾಲ, ಮೂವತ್ತೆಂಟನೇ ಇಸವಿ. ಸುತ್ತಿನ ಹತ್ತು ಹಳ್ಳಿಯೊಳಗೆ ಬೇರೆ ಮೋಟಾರು ಇರಲಿಲ್ಲ. ನಡೆಸಲಿಕ್ಕೆ ಕಲಬುರ್ಗಿಯಿಂದ ಮುರ್ತುಜಾ ಎಂಬ ಡ್ರೈವರ್ ಬಂದಿದ್ದ. ಮೋಟಾರಿನ ಮುಂದೆ ಅಡ್ಡಲಾಗಿ ಒಂದು ಉಕ್ಕಿನ ಪಟ್ಟಿ ಇತ್ತು. ಮುರ್ತುಜಾ ಅದಕ್ಕೆ ಬಂಪರ್ ಅನ್ನುತ್ತಿದ್ದ. ಮೇಲೆ ಬೆಳ್ಳಿಯಂಥ ಕಲಾಯಿ. ಅವನು ಬೆಳಗ್ಗೆ ಎದ್ದವನೇ ಅದನ್ನು ಒರೆಸುತ್ತಿದ್ದ, ಒರೆಸಿ ಮುಗಿದ ಮೇಲೆ ನಿಂಬೆವ್ವ ಅದರ ಮುಂದೆ ಮಣೆ ಹಾಕಿಕೊಂಡು ಕೂತು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ಅದರೊಳಗೆ ತನ್ನ ಮುಖ ರೊಟ್ಟಿಯಷ್ಟು ಅಗಲ ಕಾಣುವುದನ್ನು ನೋಡಿ ದಿನಾ ನಗುತ್ತಿದ್ದಳು.

ಶನಿವಾರ ಕಲಬುರ್ಗಿ ಕಚೇರಿಯಿಂದ ಮೋಟಾರಿನ ನಂಬರ್ ಬಂತು. ಎರಡು ತಗಡು, ಹಿಂದೊಂದು, ಮುಂದೊಂದು. ಹಿಂದಿನದಕ್ಕೆ ಜಾಗ ಇತ್ತು, ಎರಡು ಬೋಲ್ಟು ಹಾಕಿದರೆ ಮುಗಿಯಿತು. ಮುಂದಿನದಕ್ಕೆ ಮಾತ್ರ ಏನೂ ಇರಲಿಲ್ಲ. ತಗಡು ಕೂರಿಸಬೇಕೆಂದರೆ ಬಂಪರಿನ ಮೇಲೆಯೇ ಕೂರಿಸಬೇಕು.

"ಮುಂದ ನಂಬರ್ ಇಲ್ಲದ ಹೋದ್ರ ಅಫಜಲಪುರ ನಾಕಾದಾಗ ಜವಾನ್ರು ನಿಲ್ಲಸ್ತಾರ್ರಿ ಸಾಹೇಬ್ರ," ಅಂದ ಮುರ್ತುಜಾ.

ರಾಯರು ಕಂಬಾರ ಸೈದಪ್ಪನನ್ನು ಕರೆಸಿದರು. ಸೈದಪ್ಪ ಬಂಪರನ್ನು ಬೆರಳಿನಿಂದ ಬಡಿದು ನೋಡಿದ.

"ಗಟ್ಟಿ ಉಕ್ಕು ಅದರಿ. ಕೆಂಪಗ ಕಾಸಿ ಎರಡು ತೂತು ಬಡೀತೇನಿ. ಒಂದು ತಾಸಿನ ಕೆಲಸ."

ಮುರ್ತುಜಾ ಬಂಪರಿನ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟ. "ಕಾಸಿದ್ರ ಕಲಾಯಿ ಸುಟ್ಟು ಕರ್ರಗಾಗ್ತದ. ತೂತು ಬಿದ್ದಲ್ಲಿ ಮೊದಲನೇ ಮಳಿಗೇ ತುಕ್ಕು ಹಿಡೀತದ. ನಾ ಇರೂತನಕ ಇದಕ್ಕ ಬೆಂಕಿ ತೋರಸಾಕ ಬಿಡಂಗಿಲ್ಲ!"

"ಹಂಗಾರ ತಂತೀಲೆ ಕಟ್ಟು," ಅಂದರು ರಾಯರು.

ತಂತಿಯಿಂದ ಕಟ್ಟಿದರು. ಮೋಟಾರು ಊರ ಅಗಸಿಬಾಗಿಲ ತನಕ ಹೋಗಿ ಬರುವುದರೊಳಗೆ ತಗಡು ಡಬಡಬ ಬಡಿದು, ತಂತಿ ಉಜ್ಜಿ, ಬಂಪರಿನ ಮೇಲೆ ಕೂದಲೆಳೆಯಂಥ ಗೀರು ಮೂಡಿತ್ತು. ನಿಂಬೆವ್ವ ಬಗ್ಗಿ ನೋಡಿ, "ನನ್ನ ಮಾರಿ ಮ್ಯಾಲೇ ಗೀರಿದಂಗಾತಲ್ಲೋ," ಅಂದಳು. ಮುರ್ತುಜಾ ತಂತಿ ಬಿಚ್ಚಿ ಎಸೆದ.

ಅಷ್ಟೊತ್ತಿಗೆ ಮಲ್ಕಮ್ಮ ಬಂದಳು. ಊರಾಚೆಯ ಕೇರಿಯವಳು. ಅವಳೂ ಗಂಡ ದಶರಥನೂ ಸೇರಿ ಊರಿನ ತೊಗಲಿನ ಕೆಲಸವೆಲ್ಲ ಮಾಡುತ್ತಿದ್ದರು. ಹೊಲಿದು ತಂದ ಬಾರುಕೋಲುಗಳನ್ನು ಎಂದಿನಂತೆ ರಾಯರ ವಾಡೆಯ ಬಾಗಿಲ ಆಚೆ ಇಟ್ಟು, ಅಲ್ಲೇ ನಿಂತು ಈ ಗದ್ದಲವನ್ನು ನೋಡಿದಳು. ಸೈದಪ್ಪ ಮತ್ತೆ ತೂತಿನ ಮಾತೆತ್ತಿದಾಗ ಅವಳಿಗೆ ತಡೆಯಲಾಗಲಿಲ್ಲ.

"ತೂತು ಯಾಕ ಬೇಕ್ರಿ? ನೊಗ ಕಟ್ಟಾಕ ಎತ್ತಿನ ಹೆಗಲಿಗೆ ಮೊಳಿ ಹೊಡೀತೀರೇನು?"

ಎಲ್ಲರೂ ತಿರುಗಿದರು. ಮಲ್ಕಮ್ಮ ಸೆರಗು ಸರಿಮಾಡಿಕೊಂಡಳು, ಆದರೆ ಮಾತು ನಿಲ್ಲಿಸಲಿಲ್ಲ. "ಕಬ್ಬಿಣದ ಎರಡು ಪಟ್ಟಿ ತೋಳಬಂದಿಯಂಗ ಬಗ್ಗಸ್ರಿ. ಒಳಗ ನಾ ತೊಗಲು ಹೊಲದು ಕೊಡ್ತೇನಿ. ಬಂಪರ್‌ಗೆ ಸುತ್ತಿ ಹಿಂದ ಬೋಲ್ಟು ಬಿಗೀರಿ. ತಗಡು ಆ ಪಟ್ಟಿಗೆ ಕೂಡಲಿ. ಕಬ್ಬಿಣ ಬಂಪರ್‌ಗೆ ಹತ್ತಂಗೇ ಇಲ್ಲ."

ಮುರ್ತುಜಾ ತೊಡೆ ತಟ್ಟಿ, "ಶಾಬಾಸ್ ಅಕ್ಕಾ!" ಅಂದ.

"ಆದ್ರ ಅಳತಿ ಬೇಕು," ಅಂದಳು ಮಲ್ಕಮ್ಮ, ಬಾಗಿಲ ಆಚೆಯಿಂದಲೇ.

ಅವಳು ಈ ವಾಡೆಯ ಬಾಗಿಲು ದಾಟಿದವಳಲ್ಲ, ದಾಟು ಅಂದವರೂ ಇರಲಿಲ್ಲ. ಬಸವಂತರಾಯರು ಮೀಸೆ ಮುಟ್ಟಿಕೊಂಡು ನೆಲ ನೋಡಿದರು.

ನಿಂಬೆವ್ವ ಮಣೆಯ ಮೇಲಿಂದಲೇ ಗದರಿದಳು. "ಅಲ್ಲಿ ನಿಂತು ಅಳತಿ ಹೆಂಗ ತಗೋತಿ ಬೇ? ಒಳಗ ಬಾ. ನನಗ ಸೋಮವಾರ ನನ್ನ ತಂಗಿ ಕಾಣಬೇಕು."

ಮಲ್ಕಮ್ಮ ಒಂದು ಗಳಿಗೆ ರಾಯರ ಮುಖ ನೋಡಿದಳು, ಒಂದು ಗಳಿಗೆ ನಿಂಬೆವ್ವನ ಮುಖ. ಆಮೇಲೆ ಒಳಗೆ ಬಂದು ಮೋಟಾರಿನ ಮುಂದೆ ಮೊಣಕಾಲೂರಿದಳು. ದಾರ ಸುತ್ತಿ ಅಳತೆ ತೆಗೆದು ಗಂಟು ಹಾಕಿಕೊಂಡಳು.

ಭಾನುವಾರ ಬೆಳಗ್ಗೆ ಸೈದಪ್ಪನ ಪಟ್ಟಿಗಳು ತಯಾರಾದವು. ಮಲ್ಕಮ್ಮ ಮೇಕೆಯ ತೊಗಲು ತಂದಿದ್ದಳು. ಸೈದಪ್ಪ ಅದನ್ನು ನೀರಲ್ಲಿ ನೆನೆಸು ಅಂದರೆ ಬೇಡವೆಂದಳು. "ನೀರು ಒಳಗ ಉಳದ್ರ ತುಕ್ಕು. ಔಡಲೆಣ್ಣಿ ಉಜ್ಜೇನಿ, ಸಾಕು." ಬಂಪರನ್ನು ತಾನೇ ಇನ್ನೊಮ್ಮೆ ಒರೆಸಿದಳು. "ಒಂದು ಹಳಕು ಮಣ್ಣು ತೊಗಲಿನ ಕೆಳಗ ಸಿಕ್ರ, ಅದಾ ಗೀರ್ತದ ನೋಡ್ರಿ."

ಪಟ್ಟಿ ಸುತ್ತಿ, ಬೋಲ್ಟು ಬಿಗಿದು, ತಗಡು ಕೂರಿಸಿ, ಮುರ್ತುಜಾ ಮೋಟಾರನ್ನು ಹಳ್ಳದ ದಾರಿಗೆ ಬಿಟ್ಟ. ತಿರುಗಿ ಬಂದಾಗ ನಂಬರ್ ಕುಡಿದವರ ರುಮಾಲಿನಂತೆ ಒಂದು ಕಡೆ ವಾಲಿತ್ತು.

ಸೈದಪ್ಪ ನಕ್ಕ. ಮಲ್ಕಮ್ಮನ ಮುಖ ಸಣ್ಣದಾಯಿತು. ಅವಳು ಕೂತು ಪಟ್ಟಿ ಬಿಚ್ಚಿಸಿ, ತೊಗಲನ್ನು ಹೆಬ್ಬೆರಳಿನಿಂದ ಸವರಿದಳು. ನುಣುಪಿನ ಮೈ ಬಂಪರಿನ ಕಡೆಗಿತ್ತು, ಎಣ್ಣೆಯೂ ಅದಕ್ಕೇ ತಾಗಿತ್ತು. ನುಣುಪಿಗೆ ನುಣುಪು ಸೇರಿದರೆ ಜಾರದೆ ಇನ್ನೇನು?

"ತಪ್ಪು ನಂದಾ," ಅಂದಳು. ಹೊಲಿಗೆ ಕಿತ್ತಳು. ಬೇರೆ ತೊಗಲು ಕತ್ತರಿಸಿ, ಒರಟು ಮೈ ಬಂಪರಿಗೆ ತಾಗುವಂತೆ ತಿರುವಿ ಹೊಲಿದಳು. ಎಣ್ಣೆಯನ್ನು ಈ ಸಲ ಕಬ್ಬಿಣದ ಕಡೆಗೆ ಮಾತ್ರ ಹಚ್ಚಿದಳು. ಮುರ್ತುಜಾ ಬೋಲ್ಟು ಬಿಗಿದು ಹಳ್ಳಕ್ಕೆ ಎರಡು ಸಲ ಹೋಗಿ ಬಂದ. ತಗಡು ಕೂದಲಷ್ಟೂ ಅಲುಗಿರಲಿಲ್ಲ. ಪಟ್ಟಿ ಬಿಚ್ಚಿ ನೋಡಿದರು. ಬಂಪರಿನ ಮೇಲೆ ಹೊಸ ಗುರುತೇ ಇಲ್ಲ.

"ಸೈದಪ್ಪಣ್ಣಾ, ಈಗ ನಗ್ರಿ," ಅಂದಳು ಮಲ್ಕಮ್ಮ. ಸೈದಪ್ಪ ನಿಜವಾಗಿಯೂ ನಕ್ಕ, ಮೊದಲಿನ ನಗೆಯಲ್ಲ.

ಸೋಮವಾರ ಹೊರಡುವಾಗ ಮುರ್ತುಜಾ ಹೊಸ ತಕರಾರು ತೆಗೆದ. "ದಾರಿಯಾಗ ಪಟ್ಟಿ ಸಡಲಾದ್ರ ನನಗೇನು ಗೊತ್ತಾಗ್ತದ್ರಿ? ಮಾಡಿದಾಕಿ ಜೋಡಿ ಇರಬೇಕು."

ರಾಯರು ತಾಯಿಯ ಕಡೆ ನೋಡಿದರು. ತಾಯಿ ಆಗಲೇ ಸೀಟಿನ ಮೇಲೆ ಸರಿದು ಜಾಗ ಮಾಡಿದ್ದಳು. "ಬಾ ಮಲ್ಕಮ್ಮಾ, ನನ್ನ ಬಾಜೂಕ ಕೂಡು. ಕುಣಿ ಬಂದ್ರ ನನ್ನ ಹಿಡಕೋ." ರಾಯರು ಹೋಗಿ ಡ್ರೈವರಿನ ಪಕ್ಕ ಕೂತರು.

ದಾರಿಯುದ್ದಕ್ಕೂ ಜೋಳದ ಹೊಲಗಳು ಎರಡೂ ಕಡೆ ಓಡಿದವು. ಮಲ್ಕಮ್ಮ ಮೊದಲು ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಗುಂಡಿ ಬಂದಾಗ ಯಾರು ಯಾರನ್ನು ಹಿಡಿದುಕೊಂಡರೋ ಅವರಿಗೇ ತಿಳಿಯಲಿಲ್ಲ. ನಾಕಾದಲ್ಲಿ ಜವಾನ ಮುಂದಿನ ನಂಬರ್ ಓದಿದ, ಬಗ್ಗಿ ಪಟ್ಟಿ ನೋಡಿದ, "ಇದನ್ಯಾರು ಮಾಡ್ಯಾರ್ರಿ?" ಅಂತ ಕೇಳಿದ.

"ಹಿಂದ ಕೂತಾಳ ನೋಡು," ಅಂದರು ಬಸವಂತರಾಯರು. ಎರಡು ದಿನದಲ್ಲಿ ಅವಳ ಬಗ್ಗೆ ಅವರು ಆಡಿದ ಮೊದಲ ಮಾತು ಅದು.

ಅಫಜಲಪುರದಲ್ಲಿ ಗಂಗಾಬಾಯಿ ಕೋಲು ಊರಿಕೊಂಡು ಬಾಗಿಲ ತನಕ ಬಂದಿದ್ದಳು. ಅಕ್ಕತಂಗಿ ಇಬ್ಬರೂ ತಬ್ಬಿಕೊಂಡು ಅತ್ತರು. ಆಮೇಲೆ ಒಬ್ಬರ ಬಿದ್ದ ಹಲ್ಲು ಇನ್ನೊಬ್ಬರು ಎಣಿಸಿ ನಕ್ಕರು. ತೊಟ್ಟಿಲಿಗೆ ಕೂಸು ಹಾಕಿದರು, ಹಾಡು ಹೇಳಿದರು. ಮಲ್ಕಮ್ಮ ಮೋಟಾರಿನ ಹತ್ತಿರವೇ ಕೂತಿದ್ದಳು. ನಿಂಬೆವ್ವ ಹೋಳಿಗೆಯ ಗಂಗಾಳ ತಾನೇ ಹಿಡಿದು, ಸೊಂಟಕ್ಕೆ ಒಂದು ಕೈ ಕೊಟ್ಟು, ಅಂಗಳ ದಾಟಿ ತಂದು ಕೊಟ್ಟಳು.

ದೀಪ ಹಚ್ಚುವ ಹೊತ್ತಿಗೆ ನಿಂಬರ್ಗಾಕ್ಕೆ ತಿರುಗಿ ಬಂದರು. ವಾಡೆಯ ಮುಂದೆ ಇಳಿದ ನಿಂಬೆವ್ವ, "ಮುರ್ತುಜಾ, ಈಕಿನ್ನ ಮನಿ ಮಟ ಬಿಟ್ಟು ಬಾ," ಅಂದಳು.

ಮೋಟಾರು ಕೇರಿಯೊಳಗೆ ಹೋದದ್ದು ಅದೇ ಮೊದಲು. ಸದ್ದಿಗೆ ಕೇರಿಯೆಲ್ಲ ಹೊರಗೆ ಬಂತು. ಹಿಂದಿನ ಸೀಟಿನಿಂದ ಇಳಿದ ಹೆಂಡತಿಯನ್ನು ನೋಡಿ ದಶರಥ ಕೈಯಲ್ಲಿದ್ದ ಉಳಿ ಕೆಳಗೆ ಹಾಕಿದ. ಮಲ್ಕಮ್ಮ ಮುರ್ತುಜಾನ ಕಿವಿಯಲ್ಲಿ ಏನೋ ಅಂದಳು. ಅವನು ನಕ್ಕು ಎಲ್ಲ ಬಾಗಿಲು ತೆರೆದ. ನೆರೆಮನೆಯ ಭಾಗಮ್ಮ ಹತ್ತಿದಳು, ಕೇರಿಯ ಮುದುಕಿ ಅಂಬುಬಾಯಿಯನ್ನು ಎತ್ತಿ ಕೂರಿಸಿದರು, ದಶರಥ ಹೊರಗಿನ ಮೆಟ್ಟಿಲ ಮೇಲೆ ಜೋತುಬಿದ್ದ. ಹಳ್ಳದ ತನಕ ಹೋದರು, ಅಲ್ಲಿ ಮೋಟಾರು ನಿಂತಿತು.

"ಯಪ್ಪಾ, ಇದಕ್ಕ ಹಿಂದ ಹಿಂದ ನಡ್ಯಾಕ ಬರ್ತದೇನು?" ಅಂತ ಅಂಬುಬಾಯಿ ಕೇಳಿದಳು.

ಮುರ್ತುಜಾ ಗೇರ್ ಬದಲಿಸಿದ. ಮೋಟಾರು ಹಿಂದಕ್ಕೆ ಹೊರಟಿತು, ಒಳಗಿನ ಹೆಂಗಸರೆಲ್ಲ ಚೀರಿಕೊಂಡು ನಕ್ಕರು.