ಅಪ್ಪನ ಬಾಯಿಯ ಪುಠಾಣಿ ವಾಸನೆ

ಕಂಡಕ್ಟರನ ಮೂಗು ಅರಳಿತು, ಹೌದು, ನಾನು ನೋಡಿದೆ, ಟಿಕೆಟ್ ಕೊಡುವ ನೆಪದಲ್ಲಿ ಪಂಢರಿಯ ಮುಖದ ಹತ್ತಿರ ಬಾಗಿ ಮೂಸಿದ, ಬಸ್ಸು ಹತ್ತುವಾಗ ಎರಡು ಸಲ ಎಡವಿದ ನನ್ನ ತಮ್ಮನನ್ನು — ಏನ್ರಿ ಅಮ್ಮ, ಮುಂಜಾನೇನೇ ಹಾಕ್ಕೊಂಡಾನೇನು — ಇಲ್ಲಪ್ಪ, ಅದು ಪುಠಾಣಿ, ಹುರಿಗಡಲೆ, ಬೀದರ ಬಸ್ ನಿಲ್ದಾಣದಲ್ಲಿ ಈಗಷ್ಟೇ ಕೊಂಡದ್ದು, ಪಂಢರಿ ನಗುತ್ತಾನೆ, ನಲವತ್ತೆಂಟಾದರೂ ನಕ್ಕರೆ ಅದೇ ಮುಂದಿನ ಹಲ್ಲಿನ ಸಂದಿ, ಕಳ್ಳ, ನಿನಗಿಂತ ನನಗೇ ಹೆದರಿಕೆ, ನಿನ್ನ ರಕ್ತದ ವರದಿ ನನ್ನ ಚೀಲದಲ್ಲಿದೆ, ಡಾಕ್ಟರು ಹೇಳಿದರು, ಹೆಜ್ಜಿ ತಪ್ಪಿಸೋ ಈ ರೋಗ ವಂಶದಾಗ ಬರೂದರಿ, ನಿಮ್ಮ ತಂದೀಗೂ ಇದೇ ಇದ್ದಿರಬೇಕು, ನೀವೂ ಒಮ್ಮೆ ತೋರಿಸ್ಕೋರಿ — ತೋರಿಸಿಕೊಂಡರಾಯಿತು, ಅದು ಆಮೇಲೆ. ಅಪ್ಪ ಕುಡಿದಿರಲಿಲ್ಲ ಎಂದಾಯಿತು. ಔರಾದಿನಲ್ಲಿ ಕಾಯುತ್ತಿರುವ ಅವ್ವನಿಗೆ ಇವತ್ತು ಎರಡು ಮಾತು ಹೇಳಬೇಕು, ಪಂಢರಿಯದೊಂದು, ನನ್ನದೊಂದು, ನಲವತ್ನಾಲ್ಕು ವರ್ಷ ನುಂಗಿಕೊಂಡು ಕೂತದ್ದು.

ಎದುರಿನಿಂದ ಟೆಂಪೋ, ಗಂಟುಮೂಟೆ, ಕೊಡ, ಮಕ್ಕಳು, ಹೈದರಾಬಾದಿನ ಕಡೆಗೆ, ಈ ವರ್ಷವೂ ಮಳೆ ಕೈಕೊಟ್ಟಿದೆ — ಎಪ್ಪತ್ತೆರಡರ ಬರದಲ್ಲಿ ನಾವೂ ಹೀಗೇ ನಮ್ಮೂರು ಎಕಂಬಾ ಬಿಟ್ಟೆವು, ನನಗೆ ಹತ್ತು, ಪಂಢರಿಗೆ ನಾಲ್ಕು, ಬೀದರದ ನೌಬಾದಿನಲ್ಲಿ ಒಂದು ಖೋಲಿ, ಅಪ್ಪ ಗಾಂಧಿ ಗಂಜ್ ಧಾನ್ಯದ ಮಾರುಕಟ್ಟೆಯಲ್ಲಿ ಹಮಾಲ, ತೊಗರಿ ಚೀಲ ಹೊತ್ತು ಲಾರಿಯ ಹಲಗೆ ಏರುವಾಗ ಅವನ ಕಾಲು ಹಲಗೆ ಬಿಟ್ಟು ಗಾಳಿಯ ಮೇಲೆ ಬೀಳುತ್ತಿತ್ತು, ನಿನ್ನ ಗಂಡ ನರಸಿಂಗ ಹಗಲಾಗೇ ಕುಡೀತಾನ, ಸುದ್ದಿ ಅವ್ವನ ಕಿವಿಗೆ ಬಂತು, ಬುದ್ಧನ ಮುಂದೆ ಪಂಚಶೀಲ ಹೇಳಿ ಸೆರೆ ಮುಟ್ಟುವುದಿಲ್ಲ ಎಂದ ಮನೆತನ ನಮ್ಮದು, ಅವ್ವ ಕುದಿದುಹೋದಳು, ಗಂಡನ ಬಾಯಿ ತಾನೇ ಮೂಸಿದರೆ ಪಕ್ಕದ ಖೋಲಿಯವರು ಏನಂದಾರು, ಶಾಲೂ, ನೀ ಮೂಸು, ಹುಡುಗೂರ ಮೂಗು ಸುಳ್ಳು ಹೇಳಂಗಿಲ್ಲ. ದಿನಾ ಸಂಜೆ ಹೊಸ್ತಿಲಲ್ಲಿ ಅಪ್ಪ ಮೊಣಕಾಲ ಮೇಲೆ ಕೈಯೂರಿ ಬಾಗುತ್ತಿದ್ದ, ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದ, ಪುಠಾಣಿ ವಾಸನೆ, ಬರೀ ಪುಠಾಣಿ, ಉಳಿದ ಹಿಡಿಯಷ್ಟು ನನಗೆಂದೇ ಜೇಬಿನಲ್ಲಿ. ಇಲ್ಲವ್ವ, ಸೆರೀ ವಾಸನಿ ಬರಂಗಿಲ್ಲ, ಎನ್ನುತ್ತಿದ್ದೆ ನಾನು.

ಭಾಲ್ಕಿಯ ಶಾಲೆಯಲ್ಲಿ ಮೂವತ್ತು ವರ್ಷ ಬೋರ್ಡಿನ ಮೇಲೆ ಜೀವಕೋಶ ಬರೆದೆ, ದುಂಡಗೆ, ನಡುವೊಂದು ಚುಕ್ಕೆ, ಅದಕ್ಕೂ ಗಾಬರಿಯಾಗುತ್ತದೆಂದು ಯಾವ ಪಾಠದಲ್ಲೂ ಇರಲಿಲ್ಲ, ಡಾಕ್ಟರು ಹೇಳಿದರು, ಪ್ರೋಟೀನು ಸರಿಯಾಗಿ ಮಡಚಂಗಿಲ್ಲರಿ, ಗಂಟು ಕಟ್ತದ, ಆಗ ನರಕೋಶ ಹೊಸದು ಮಾಡೂದು ನಿಲ್ಲಿಸಿ ಕೆಟ್ಟದ್ದನ್ನ ಸುಧಾರಿಸಾಕ ನೋಡ್ತದ, ಭಾಳ ವರ್ಷ ತಡೀತದ, ಕಡೀಕ ತಾನೇ ಸಾಯ್ತದ — ಬರದಲ್ಲಿ ಅವ್ವ ಎರಡು ಹೊತ್ತಿನ ಒಲೆಯನ್ನು ಒಂದು ಹೊತ್ತಿಗೆ ಇಳಿಸಿದಂತೆ, ಮನೆ ಉಳಿಯಲೆಂದೇ — ಅಪ್ಪನ ತಲೆಯ ಹಿಂಭಾಗದಲ್ಲಿ, ಮೈಯ ಸಮತೋಲ ಹಿಡಿಯುವ ಆ ಸಣ್ಣ ಮಿದುಳಿನಲ್ಲಿ, ಅಂಥ ಎಷ್ಟು ಒಲೆ ಆರುತ್ತಿದ್ದವೋ, ನಾವು ಬಾಯಿ ಮೂಸುತ್ತಿದ್ದೆವು. ಒಂದು ದಿನ ಅಪ್ಪ ನಾನು ಮರೆತ ಬರೆಯುವ ಪಾಟಿ ಕೊಡಲು ಶಾಲೆಯ ತನಕ ಬಂದು ಗೇಟಿನಲ್ಲಿ ಬಿದ್ದ, ಗೆಳತಿ ಫಕ್ರುನ್ನಿಸಾ ನಕ್ಕಳು, ನನಗೆ ನಾಚಿಕೆ, ಸಿಟ್ಟು, ಸಂಜೆ ಅಪ್ಪ ಬಾಗಿದ, ಬಾಯಿ ತೆರೆದ, ಪುಠಾಣಿ — ಬರ್ತದವ್ವ, ಅಂದೆ. ಅಪ್ಪ ಕಣ್ಣು ತೆರೆದು ನನ್ನನ್ನು ನೋಡಿದ, ಸುಳ್ಳಿ ಎನ್ನಲಿಲ್ಲ, ಹುಣ್ಣಿಮೆಯ ದಿನ ಎಲ್ಲರ ಮುಂದೆ ಐದನೆಯ ಶೀಲ, ಸೆರೆ ಮುಟ್ಟುವುದಿಲ್ಲ ಎಂಬುದನ್ನು, ಎರಡು ಸಲ ಹೇಳಿದ, ಅಂದಿನಿಂದ ಒಂದು ಪುಠಾಣಿಯನ್ನೂ ಬಾಯಿಗೆ ಹಾಕಲಿಲ್ಲ, ಅಷ್ಟನ್ನೂ ನನ್ನ ಲಂಗಕ್ಕೇ ಸುರಿಯುತ್ತಿದ್ದ, ತಿನ್ನು ಮಗಳ, ಎಷ್ಟು ಪ್ರೀತಿ ಇತ್ತಪ್ಪಾ ನಿನಗೆ, ನಾನು ತಿಂದೆ.

ಔರಾದ ಬಂತು, ಪಂಢರಿಯ ಕೈ ನನ್ನ ಹೆಗಲ ಮೇಲೆ, ಭಾರ, ಇರಲಿ, ಬಾ ನನ್ನ ರಾಜಾ, ಅಂಗಳದಲ್ಲಿ ಹೊರಸಿನ ಮೇಲೆ ಅವ್ವ, ಕಣ್ಣು ಕಾಣದು, ಕಿವಿ ಮಾತ್ರ ಚುರುಕು, ಇದು ನಿಮ್ಮಪ್ಪನ ಹೆಜ್ಜಿ ಆಗ್ಯಾದಲ್ಲ, ಶಾಲೂ, ಮೂಸು ಇವನ ಬಾಯಿ. ಪಂಢರಿ ನಗುತ್ತ ಮೊಣಕಾಲ ಮೇಲೆ ಕೈಯೂರಿ ಬಾಗುತ್ತಾನೆ, ಕಣ್ಣು ಮುಚ್ಚುತ್ತಾನೆ, ಇವನಿಗೆ ಯಾರು ಕಲಿಸಿದರು ಇದನ್ನು — ಪುಠಾಣಿ ಅವ್ವ, ಬರೀ ಪುಠಾಣಿ, ಇದು ರೋಗ, ಅಪ್ಪಗೂ ಇದೇ ಇತ್ತು, ಅವತ್ತೂ ಪುಠಾಣೀನೇ ಇತ್ತವ್ವ, ನಾ ಸುಳ್ಳು ಹೇಳಿದ್ದೆ — ಅವ್ವನ ಕೈ ಗಾಳಿಯಲ್ಲಿ ತಡಕುತ್ತದೆ, ಮಗನ ತಲೆ ಸಿಗುತ್ತದೆ, ಹತ್ತಿರ ಎಳೆದುಕೊಳ್ಳುತ್ತಾಳೆ, ಅಂದು ಒಮ್ಮೆಯೂ ಮೂಸದವಳು ಈಗ ತಾನೇ ಮೂಸುತ್ತಾಳೆ, ಮತ್ತೆ ಮೂಸುತ್ತಾಳೆ, ಬಾಗಿದ ಬೆನ್ನು, ಮುಚ್ಚಿದ ಕಣ್ಣು, ತೆರೆದ ಬಾಯಿ, ಪುಠಾಣಿ, ಅಪ್ಪಾ, ತೆರೆದ ಬಾಯಿ