ಮೊನೆ ಯಾರ ಕಡೆ

"ಹೋದ ವಾರ ಕೊಟ್ಟ ಫಾರಂ ಎಲ್ಲಿ ಅಕ್ಕಾ? ಇವತ್ತು ಕೊನೇ ಗಂಟೆಯೊಳಗೆ ಟಿಕ್ ಹಾಕಿ ಕೊಟ್ಟುಬಿಡಿ," ಅಂದರು ಹೆಡ್ ಮೇಡಂ.

ಹನ್ನೆರಡು ವರ್ಷದಿಂದ ಒಂದನೇ ತರಗತಿಯಲ್ಲಿ ಸಹಾಯಕಿ ನಾನು. ಮೂಗು ಒರೆಸೋದು, ಶೂ ಲೇಸು ಕಟ್ಟೋದು, ಅಳುವವರನ್ನು ಸಮಾಧಾನ ಮಾಡೋದು. ಈಗ ನಾನೂ ಕೃತಕ ಬುದ್ಧಿಮತ್ತೆ ಕಲೀಬೇಕಂತೆ. ಇರೋ ಬುದ್ಧಿಯೇ ಮಧ್ಯಾಹ್ನದ ಹೊತ್ತಿಗೆ ಖಾಲಿ, ಇನ್ನು ಕೃತಕದ್ದನ್ನ ಎಲ್ಲಿಡಲಿ!

ಫಾರಂನಲ್ಲಿ ಇದ್ದದ್ದು ಎರಡೇ ಕೋರ್ಸು. ದೊಡ್ಡದು ಆರು ತಿಂಗಳು, ದಿನಾ ಮಧ್ಯಾಹ್ನ, ಶಾಲೆಯ ಹೊತ್ತಲ್ಲೇ. ಮುಗಿಸಿದರೆ ಕೆಲಸ ಕಾಯಂ. ಚಿಕ್ಕದು ವರ್ಷಪೂರ್ತಿ, ರಜೆಯ ಶನಿವಾರಗಳಲ್ಲಿ; ಮುಗಿಸಿದರೆ ಒಂದು ಸರ್ಟಿಫಿಕೇಟು, ಅಷ್ಟೇ.

"ಇದರಲ್ಲಿ ಯೋಚಿಸೋದೇನಿದೆ ಅಮ್ಮಾ? ನಿನ್ನ ಮೊಣಕಾಲು ನೋಡ್ಕೋ, ಶನಿವಾರವಾದ್ರೂ ರೆಸ್ಟ್ ಬೇಡ್ವಾ? ದೊಡ್ಡದಕ್ಕೇ ಹಾಕು," ಅಂದಿದ್ದಳು ಮಗಳು ಬೆಳಿಗ್ಗೆ. ನ್ಯಾಯವಾದ ಮಾತೇ.

ನನಗಿದ್ದದ್ದು ಪುಟ್ಟಿಯ ಯೋಚನೆ. ನನ್ನ ಪಕ್ಕ ಕೂರುವ ಈ ಆರು ವರ್ಷದ ಹುಡುಗಿ ಶಾಲೆಯಲ್ಲಿ ತುಟಿ ಪಿಟಕ್ಕೆನ್ನಲ್ಲ. ಕಿವಿ ಹಿಡಿದರೆ ಒಂದಕ್ಕೆ ಹೋಗಬೇಕು ಅಂತ. ಪೆನ್ಸಿಲನ್ನು ಮೊನೆ ತನ್ನ ಕಡೆ ತಿರುಗಿಸಿ ಇಟ್ಟರೆ ತಲೆ ನೋಯ್ತಿದೆ ಅಂತ. ಇಷ್ಟು ತಿಳಿಯೋಕೆ ನನಗೆ ನಾಲ್ಕು ತಿಂಗಳು ಹಿಡೀತು.

ಹೋದ ವಾರ ದೊಡ್ಡ ಕೋರ್ಸು ಹೇಗಿದೆ ನೋಡೋಣ ಅಂತ ಒಂದು ಮಧ್ಯಾಹ್ನ ಹೋಗಿದ್ದೆ. ನನ್ನ ಬದಲು ಕೂತಿದ್ದ ಸಹಾಯಕಿ, "ನಿಮ್ಮ ಹುಡುಗಿಗೆ ಶಿಸ್ತೇ ಇಲ್ಲ ಕಣ್ರೀ. ಏಳು ಸಲ ಪೆನ್ಸಿಲು ಸರಿಯಾಗಿ ತಿರುಗಿಸಿಟ್ಟೆ," ಅಂದಳು ಪಾಪ, ಹೆಮ್ಮೆಯಿಂದ. ಮುಟ್ಟಿ ನೋಡಿದರೆ ಪುಟ್ಟಿಯ ಮೈ ಕೆಂಡ.

ಆಮೇಲೆ ಎಲ್ಲ ಸನ್ನೆ ಬರೆದೂ ಕೊಟ್ಟೆ. ಆದರೆ ಅವಳಿಗೆ ತಿಂಗಳಿಗೊಂದು ಹೊಸ ಸನ್ನೆ ಹುಟ್ಟುತ್ತೆ. ಪಕ್ಕದಲ್ಲೇ ಕೂತವರಿಗೆ ಮಾತ್ರ ಗೊತ್ತಾಗೋದು.

ಕೊನೇ ಗಂಟೆ. ಸಾಕುಸಾಕಾಗಿತ್ತು. ಯಾರನ್ನ ಉದ್ಧಾರ ಮಾಡೋಕೆ ಇಷ್ಟೆಲ್ಲಾ, ದೊಡ್ಡದಕ್ಕೇ ಹಾಕಿಬಿಡೋಣ ಅಂತ ಪೆನ್ನಿನ ಕ್ಯಾಪು ತೆಗೆದೆ. ತಲೆ ಸಿಡೀತಿತ್ತು. ಪೆನ್ನು ಪಕ್ಕಕ್ಕಿಟ್ಟು, ಒಂದು ಗಳಿಗೆ ಹಣೆ ಒತ್ತಿಕೊಂಡು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟರೆ ಪೆನ್ನು ಫಾರಂ ಮೇಲೆ ಮಲಗಿದೆ, ಮೊನೆ ನನ್ನ ಕಡೆ. ಪುಟ್ಟಿ ನನ್ನ ಮುಖವನ್ನೇ ನೋಡ್ತಿದ್ದಾಳೆ.

"ಹೌದು ಕಣೇ, ತುಂಬಾ ನೋಯ್ತಿದೆ," ಅಂದೆ. ಈ ಹನ್ನೆರಡು ವರ್ಷದಲ್ಲಿ ಈ ಶಾಲೆಯಲ್ಲಿ ನನ್ನನ್ನ ನೋಯ್ತಿದೆಯಾ ಅಂತ ಒಬ್ಬರೂ ಕೇಳಿರಲಿಲ್ಲ.

ಶನಿವಾರದ್ದಕ್ಕೆ ಟಿಕ್ ಹಾಕಿ ಕೊಟ್ಟೆ. ಇದ್ದ ರಜೆಗೂ ಎಳ್ಳುನೀರು ಬಿಟ್ಟಾಯ್ತು. ಇನ್ನು ಮನೆಗೆ ಹೋಗಿ ಮಗಳ ಹತ್ತಿರ ಬೈಸಿಕೊಳ್ಳೋದೊಂದು ಬಾಕಿ.