ಅಳಿಯಂದಿರ ಸ್ವಿಸ್ ಗಡಿಯಾರ

ನನ್ನ ಗಂಡನ ಕೈಗೆ ಗಡಿಯಾರ ಕಟ್ಟಿದ್ದು ನಮ್ಮಪ್ಪ, ಅದಕ್ಕಾಗಿ ಊರ ಬಾಯಿಗೆ ಬಿದ್ದದ್ದು ಲಕ್ಷ್ಮಪ್ಪ ಕಾಕಾ. ಈ ಅನ್ಯಾಯವನ್ನು ನನಗೆ ಇವತ್ತಿಗೂ ನುಂಗಲಾಗುವುದಿಲ್ಲ. ನುಂಗುವ ವಯಸ್ಸು ಬಂದಿದೆ ಎಂದು ಮಕ್ಕಳು ಹೇಳುತ್ತಾರೆ. ನನ್ನ ಸ್ವಭಾವ ತಿದ್ದಲು ನಮ್ಮವ್ವನ ಕೈಯಲ್ಲೇ ಆಗಲಿಲ್ಲ, ಇನ್ನು ವಯಸ್ಸಿನ ಕೈಯಲ್ಲಿ ಏನಾದೀತು?

ಲಕ್ಷ್ಮಪ್ಪ ಕಾಕಾ ನಮಗೆ ರಕ್ತಸಂಬಂಧಿಯೇನಲ್ಲ. ಟಿಳಕವಾಡಿಯಲ್ಲಿ ಅವರದೊಂದು ಗಡಿಯಾರದ ಅಂಗಡಿ. ಮಾರುವುದೂ ಅಲ್ಲೇ, ರಿಪೇರಿಯೂ ಅಲ್ಲೇ. ನಮ್ಮಪ್ಪ ಗುರುಪಾದಪ್ಪನವರಿಗೆ ಬೆಳಗಾವಿ ಪೇಟೆಯಲ್ಲಿ ಅರಿವೆ ವ್ಯಾಪಾರ, ಮನೆ ಹಿಂದವಾಡಿಯಲ್ಲಿ. ಸಂಜೆ ಅಂಗಡಿ ಮುಚ್ಚಿ ಅಪ್ಪ ನೇರ ಮನೆಗೆ ಬಂದದ್ದನ್ನು ನಾನು ಕಾಣೆ. ಕಾಕಾನ ಅಂಗಡಿಯ ಮುಂದಿನ ಬಾಕಿನ ಮೇಲೆ ಇಬ್ಬರೂ ಕುಳಿತು ಚಹಾ ಕುಡಿಯಬೇಕು, ಪೇಟೆಯ ಸುದ್ದಿಯೆಲ್ಲ ಮುಗಿಸಬೇಕು, ಆಮೇಲೆ ಮನೆ. ನಮ್ಮವ್ವ ಆ ಬಾಕನ್ನು ತನ್ನ ಸವತಿ ಎನ್ನುತ್ತಿದ್ದಳು. ನನಗೆ ಗಡಿಯಾರ ನೋಡಿ ವೇಳೆ ಹೇಳಲು ಕಲಿಸಿದ್ದು ಕಾಕಾ, ಸಾಲಿ ಮಾಸ್ತರರಲ್ಲ.

ಎಪ್ಪತ್ತೊಂಬತ್ತರಲ್ಲಿ ನನ್ನನ್ನು ಖಾನಾಪುರಕ್ಕೆ ಕೊಟ್ಟರು. ಗಂಡನ ಹೆಸರು ಚನಮಲ್ಲಪ್ಪ. ಆಗೆಲ್ಲ ಗಂಡನ ಹೆಸರು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಈಗ ಹೇಳಿದರೆ ತಡೆಯುವವರಾರು. ಅಲ್ಲಿಯ ಹಂಚಿನ ಫ್ಯಾಕ್ಟರಿಯ ಆಫೀಸಿನಲ್ಲಿ ಅವರಿಗೆ ನೌಕರಿ. ಮಾತು ಕಡಿಮೆ, ಸಿಟ್ಟು ಅದಕ್ಕಿಂತ ಕಡಿಮೆ. ಎರಡನ್ನೂ ನಾನೇ ತುಂಬಿಕೊಟ್ಟೆ ಎಂದು ನಮ್ಮತ್ತೆ ಕಾಶವ್ವ ಹೇಳುತ್ತಿದ್ದರು.

ಅಳಿಯನಿಗೆ ಗಡಿಯಾರ ಕೊಡುವುದು ಎಲ್ಲರ ಮನೆಯ ಪದ್ಧತಿ. ನಮ್ಮಪ್ಪನಿಗೆ ಎಲ್ಲರೂ ಕೊಡುವಂಥದ್ದು ಸಾಲದು. ಸ್ವಿಸ್ ಆಗಬೇಕು, ಬಂಗಾರದ್ದಾಗಬೇಕು, ತೆಳ್ಳಗೆ ಇರಬೇಕು. ಇಂಥದು ಕೈಯಲ್ಲಿದ್ದವನು ಅದನ್ನು ಜೋಕೆಯಿಂದ ನೋಡಿಕೊಳ್ಳಬೇಕಾಗುತ್ತದೆ, ದಿನ ಕಟ್ಟಲು ಗಟ್ಟಿಮುಟ್ಟಾದದ್ದು ತಗೋ ಎಂದು ಕಾಕಾ ಹೇಳಿದರಂತೆ. ಅಪ್ಪ ಕೇಳಲಿಲ್ಲ. ಕಾಕಾ ಮುಂಬೈಯಿಂದ ತರಿಸಿಕೊಟ್ಟರು. ಮದುವೆಯಲ್ಲಿ ಅಕ್ಕಿಕಾಳು ಬೀಳುವ ಮೊದಲು ಬೀಗರೆಲ್ಲ ಅದರ ಸುತ್ತ ಕೂಡಿದ್ದರು. ನನ್ನನ್ನು ನೋಡುವವರೇ ಇರಲಿಲ್ಲ.

ಗಡಿಯಾರ ಮುಂದಿನ ದೀಪಾವಳಿ ಕಾಣಲಿಲ್ಲ. ಮೊದಲು ಹಿಂದೆ ಬೀಳಲು ಹತ್ತಿತು, ಆಮೇಲೆ ಕೀಲಿ ಕೊಡುವಾಗ ಕರಕರ ಅನ್ನತೊಡಗಿತು, ಕಡೆಗೆ ನಿಂತೇಬಿಟ್ಟಿತು. ಇವರು ತಾವೇ ರಿಪೇರಿಗೆ ಒಯ್ಯುವಂತಿಲ್ಲ. ಕೊಟ್ಟವರ ವಸ್ತು ಕೆಟ್ಟರೆ ಕೊಟ್ಟವರ ಕೈಗೇ ಮುಟ್ಟಿಸಬೇಕು, ಇಲ್ಲದಿದ್ದರೆ ಬೀಗರನ್ನು ಬಿಟ್ಟುಕೊಟ್ಟಂತೆ ಆಗುತ್ತದೆ. ಹಾಗಾಗಿ ಅಪ್ಪ ಒಯ್ದರು, ಕಾಕಾ ಬಿಚ್ಚಿದರು, ಸವೆದದ್ದನ್ನು ಬದಲಿಸಿದರು, ಅಪ್ಪ ತಂದುಕೊಟ್ಟರು. ಕೆಲವು ತಿಂಗಳಲ್ಲಿ ಮತ್ತೆ ಅದೇ ಕರಕರ. ಹೊಸ ವಸ್ತು, ಒಳಗೆ ಮುದಿಯಾಗಿತ್ತು.

ಎರಡನೆಯ ಸಲ ರಿಪೇರಿಯಾದದ್ದನ್ನು ಕೊಡಲು ಅಪ್ಪ ಖಾನಾಪುರಕ್ಕೆ ಬಂದಾಗ ನಮ್ಮತ್ತೆ ಚಹಾ ಕೊಟ್ಟು, ಮೆಲ್ಲಗೆ, ಮಾಲು ಖರೇ ಸ್ವಿಸ್ಸೇ ಹೌದೇನ್ರಿ ಬೀಗರ ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ. ಅವರ ಬಾಯಿ ಹಾಗೆ, ಬಂದದ್ದು ಬಂತು. ಅಪ್ಪ ಕೈಯಲ್ಲಿಯ ಚಹಾದ ಬಸಿಯನ್ನು ಕೆಳಗಿಟ್ಟರು. ಆಮೇಲೆ ಅಂದರು: "ನನಗ ಮೋಸ ಆಗೇತ್ರಿ. ಲಕ್ಷ್ಮಪ್ಪ ಖೊಟ್ಟಿ ಮಾಲ ಕೊಟ್ಟಾನ."

ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಮೈಯೆಲ್ಲ ಉರಿಯಿತು. ಆದರೆ ಅತ್ತೆಯ ಮುಂದೆ ಅಪ್ಪನಿಗೆ ಎದುರಾಡಲು ಬಾಯಿ ಬರಲಿಲ್ಲ.

ಕಾಶವ್ವನ ಬಳಗ ಬೆಳಗಾವಿಯ ತುಂಬ ಇದೆ. ಮಾತು ಬಸ್ಸಿಗಿಂತ ಮೊದಲು ಹೋಗಿ ಮುಟ್ಟಿತು. ಜೀವದ ಗೆಳೆಯನಿಗೇ ಟೋಪಿ ಹಾಕಿದವನು ನಮ್ಮನ್ನು ಬಿಟ್ಟಾನೆಯೇ ಎಂದು ಮದುವೆಮನೆಯವರು ಬೇರೆ ಅಂಗಡಿ ಹಿಡಿದರು. ಅಪ್ಪ ಸಂಜೆ ಬೇರೆ ಹಾದಿಯಿಂದ ಮನೆಗೆ ಬರತೊಡಗಿದರು. ಸವತಿ ಹೋದಳೆಂದು ನಮ್ಮವ್ವನಿಗೆ ಖುಷಿಯಾಗಬೇಕಿತ್ತು; ಗಂಡ ಹೊತ್ತು ಮುಳುಗುವ ಮೊದಲೇ ಬಂದು ಮೂಲೆಯಲ್ಲಿ ಸುಮ್ಮನೆ ಕೂರುವುದನ್ನು ನೋಡಿ ಅವಳು ಕಣ್ಣೀರು ಹಾಕಿದಳು.

ತವರಿಗೆ ಹೋದಾಗ ನಾನು ಒಬ್ಬಳೇ ಕಾಕಾನ ಅಂಗಡಿಗೆ ಹೋದೆ. ಗೋಡೆಯ ತುಂಬ ಗಡಿಯಾರ, ಒಳಗೆ ಒಬ್ಬ ಗಿರಾಕಿಯೂ ಇಲ್ಲ. ಚಂದಾಗಿ ಅದಿಯೇನವಾ ಎಂದು ಕೇಳಿದರು, ಚಹಾ ತರಿಸಿದರು, ಅಳಿಯಂದಿರು ಹೇಗಿದ್ದಾರೆ ಎಂದರು. ಗಡಿಯಾರದ ಸುದ್ದಿ ಎತ್ತಲೇ ಇಲ್ಲ. ನಾನೇ ಎತ್ತಿದರೆ, ಹಿರಿಯರ ಮಾತು ನಿನಗ್ಯಾಕವ್ವ ಎಂದು ನಕ್ಕರು. ಆ ನಗು ಕಂಡು ನನಗೆ ಅಳುವೇ ಬಂತು. ಮನೆಗೆ ಬಂದು ಅಪ್ಪನ ಜೊತೆ ಜಗಳ ತೆಗೆದೆ. ನೀವು ಬಿಚ್ಚಿ ನೋಡಿದಿರೇನು, ಖೊಟ್ಟಿ ಅಂತ ಹೇಗೆ ಗೊತ್ತು ಎಂದು ಕೇಳಿದೆ. ನಿನಗೇನು ತಿಳಿಯುತ್ತದೆ ಎಂದು ಎದ್ದು ಹೋದರು. ಉತ್ತರ ಇಲ್ಲದಾಗ ಎದ್ದು ಹೋಗುವುದು ಅವರ ಚಟ.

ಮೂರನೆಯ ಸಲ ಅಪ್ಪ ಬೇರೆ ಯಾರದೋ ಕಡೆ ರಿಪೇರಿ ಮಾಡಿಸಿದರು. ಹಂಚಿನ ಫ್ಯಾಕ್ಟರಿಯ ಧೂಳು ಹೊಕ್ಕಿದೆ, ಖಾನಾಪುರದ ಮಣ್ಣೇ ಅಂಥದ್ದು ಎಂದು ಅವನ ತೀರ್ಪು. ಒಳಗಿನಿಂದ ತೆಗೆದದ್ದನ್ನು ಒಂದು ಕಾಗದದ ಚೂರಿನಲ್ಲಿ ಸುತ್ತಿ ಕೊಟ್ಟಿದ್ದ. ನಾನು ಬಿಡಿಸಿ ನೋಡಿದೆ. ಕೀಲಿಯ ಸಣ್ಣ ಕಡ್ಡಿ, ಒಂದು ಮಗ್ಗುಲು ಅರ ಹಾಕಿದಷ್ಟು ಸವೆದಿತ್ತು. ಅದಕ್ಕೆ ಎಣ್ಣೆಯಲ್ಲಿ ಕಲಸಿದ ಹೊಲಸು. ಖಾನಾಪುರದ ಮಣ್ಣು ನನಗೆ ಗೊತ್ತಿಲ್ಲವೇ? ದಿನ ಬೆಳಗಾದರೆ ಇವರ ಅಂಗಿಯ ಕೊರಳಪಟ್ಟಿಯಿಂದ ಅದನ್ನು ತಿಕ್ಕಿ ತೆಗೆಯುವವಳು ನಾನು. ಅದು ಕೆಂಪು. ಇದು ಬಿಳಿಚು ಬೂದು. ಬೆರಳಲ್ಲಿ ಹೊಸಕಿದರೆ ಹಿಟ್ಟಿನ ಹಾಗೆ ನುಣ್ಣಗೆ ಹರಡಿತು.

ಎಲ್ಲೋ ಮುಟ್ಟಿದ ವಸ್ತು ಅನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಹೊಳೆಯಿತು. ಇವರು ಸ್ನಾನ ಮಾಡಿ ಪೂಜೆಗೆ ಕುಳಿತರು. ವಿಭೂತಿಗಟ್ಟಿಯನ್ನು ಒದ್ದೆ ಬೆರಳಿನಿಂದ ತೇಯ್ದು ಹಣೆಗೆ, ತೋಳಿಗೆ, ಮುಂಗೈಗೆ ಮೂರೆಳೆ ಎಳೆದುಕೊಂಡರು. ಲಿಂಗಪೂಜೆ ಮುಗಿಸಿ ಎದ್ದರು. ಎದ್ದವರೇ ಗೂಡಿನಲ್ಲಿ ಕರವಸ್ತ್ರದ ಮೇಲೆ ಇಟ್ಟಿದ್ದ ಗಡಿಯಾರ ತೆಗೆದು, ಅದೇ ಬೆರಳಿನಿಂದ ಕೀಲಿ ಕೊಟ್ಟರು. ಪೂಜೆಯಾದ ಮೇಲೆ ಮೊದಲ ಕೆಲಸ ಅದು; ಮಾವ ಕೊಟ್ಟ ವಸ್ತುವಿಗೆ ಅವರು ಕೊಡುತ್ತಿದ್ದ ಮರ್ಯಾದೆ. ಕೀಲಿಯ ಗುಂಡಿಯ ಹಲ್ಲುಗಳಲ್ಲಿ ಬಿಳಿ ಬೂದಿ ಕೂತಿತ್ತು. ಕರವಸ್ತ್ರದ ಮೇಲೆ ಎರಡು ಬಿಳಿ ಬೆರಳಗುರುತು. ಆ ಕರವಸ್ತ್ರ ಒಗೆಯುವವಳೂ ನಾನೇ, ಇಷ್ಟು ದಿನ ನನ್ನ ಕಣ್ಣೇನು ಕಟ್ಟಿತ್ತೋ.

ಮದುವೆಗೆ ಮುಂಚೆ ಇವರು ಕಟ್ಟುತ್ತಿದ್ದ ಹಳೆಯ ದಪ್ಪ ಗಡಿಯಾರ ಇದೇ ಬೆರಳಿನಿಂದ ವರ್ಷಗಟ್ಟಲೆ ಕೀಲಿ ಕೊಡಿಸಿಕೊಂಡು ಸುಮ್ಮನಿತ್ತು. ಒರಟು ವಸ್ತು, ಹೊಕ್ಕ ಬೂದಿಗೂ ಜಾಗ ಕೊಟ್ಟು ನಡೆದಿತ್ತು. ಈ ನಾಜೂಕಿನದಕ್ಕೆ ಒಂದು ಚಿಟಿಕೆಯೂ ತಡೆಯಲಿಲ್ಲ. ಎಷ್ಟು ತೆಳ್ಳಗೆ, ಎಷ್ಟು ಬೆಲೆಬಾಳುವಂತೆ ಮಾಡುತ್ತಾರೋ ಅಷ್ಟು ಸಹನೆಯನ್ನು ಅದರೊಳಗಿನಿಂದ ತೆಗೆದುಬಿಡುತ್ತಾರೆ ಎಂದು ಆವತ್ತು ನನಗನಿಸಿತು. ಗಡಿಯಾರಕ್ಕಷ್ಟೇ ಹೇಳುವ ಮಾತಲ್ಲ ಇದು. ನಮ್ಮಪ್ಪನ ಮರ್ಯಾದೆಯೂ ಅಷ್ಟೇ ನಾಜೂಕಿನದಾಗಿತ್ತು.

ಇವರಿಗೆ ತೋರಿಸಿದೆ. ಗುಂಡಿ ನೋಡಿದರು, ತಮ್ಮ ಬೆರಳು ನೋಡಿಕೊಂಡರು. ಮಾತಾಡಿದ್ದು ನಮ್ಮತ್ತೆ.

"ಇಬತ್ತಿ ಹತ್ತಿದ್ರ ಕೆಡೂ ವಸ್ತು ನಮ್ಮ ಮನ್ಯಾಗ ಯಾಕಿರಬೇಕು?"

ಇಟ್ಟುಕೊಳ್ಳುವುದು ಬಿಡುವುದು ಆಮೇಲಿನ ಮಾತು, ಅದರಿಂದ ಒಬ್ಬರ ಹೆಸರು ಹಾಳಾಗಿದೆ, ಆ ಕೆಟ್ಟ ಹೆಸರನ್ನು ಈ ಮನೆಯಿಂದಲೇ ನಾವು ಊರಿಗೆ ಹಂಚಿದ್ದೇವೆ ಎಂದು ನಾನಂದೆ. ಸೊಸೆ ಹೀಗೆ ಮಾತಾಡಿದ್ದು ಆ ಮನೆಯಲ್ಲಿ ಅದೇ ಮೊದಲು. ಕಾಶವ್ವ ಮುಖ ತಿರುಗಿಸಿದರು, ಆದರೆ ಇಲ್ಲ ಎನ್ನಲಿಲ್ಲ. ಇವರು ಕೈ ತೊಳೆದುಕೊಂಡು ಬಂದು ಅಂದರು: "ರವಿವಾರ ಹೋಗೂಣು. ಮಾವಾರನ್ನೂ ಕರ್ಕೊಂಡು."

ರವಿವಾರ ಹಿಂದವಾಡಿಗೆ ಹೋದೆವು. ಅಳಿಯ ಬಂದರೆಂದು ಅಪ್ಪ ಎಂದಿನಂತೆ ತಾವೇ ತಂಬಿಗೆ ಹಿಡಿದು ಬಂದು ಕಾಲಿಗೆ ನೀರು ಕೊಟ್ಟರು. ಬಂದ ಕಾರಣ ಹೇಳಿದ ಕೂಡಲೇ ಅವರ ಮುಖ ಇಳಿಯಿತು. ಮೊಣಕಾಲು ನೋವು, ಅಂಗಡಿಯ ಆಳು ಬಂದಿಲ್ಲ, ರವಿವಾರ ಲಕ್ಷ್ಮಪ್ಪ ಇರುತ್ತಾನೋ ಇಲ್ಲವೋ. ಇವರು ಹಟ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬರ್ರಿ ಮಾವಾರ ಎಂದು ಬಾಗಿಲಲ್ಲಿ ನಿಂತೇ ಇದ್ದರು.

ಅಂಗಡಿಯಲ್ಲಿ ಗುಂಜಿಯಿಂದ ಬಂದಿದ್ದ ಗಿರಾಕಿಯೊಬ್ಬ ಗಡಿಯಾರದ ಪಟ್ಟಿ ಆರಿಸುತ್ತಿದ್ದ. ಕಾಕಾ ನಮ್ಮನ್ನು ಕಂಡು ಎದ್ದು ನಿಂತರು. ಕುಂದರ್ರಿ ಎಂದು ಇವರಿಗೆ ಕುರ್ಚಿ ತೋರಿಸಿದರು. ಅಪ್ಪನ ಕಡೆ ನೋಡಲಿಲ್ಲ. ಇವರು ಕೂರದೆ, ಗಡಿಯಾರ ಬಿಚ್ಚಿ ಗಾಜಿನ ಮೇಲಿಟ್ಟರು.

"ಕಾಕಾ, ತಪ್ಪು ನಂದೈತ್ರಿ. ಇಬತ್ತಿ ಕೈಲೆ ಕೀಲಿ ಕೊಡ್ತಿದ್ದೆ. ಯಾರರ ಒಂದ ಮಾತ ಹೇಳಿದ್ರ ಕೈ ತೊಳ್ಕೋತಿದ್ದೆ. ನನ್ನಿಂದ ನಿಮಗ ಕೆಟ್ಟ ಹೆಸರ ಬಂತು."

ಆಗ ಕಾಕಾ ಅಪ್ಪನನ್ನು ನೋಡಿದರು. ಬಹಳ ಹೊತ್ತು ನೋಡಿದರು. ನನಗೆ ಅದರ ಅರ್ಥವಾಗಲಿಲ್ಲ. ಆಮೇಲೆ ಇವರ ಕಡೆ ತಿರುಗಿ, ನಿಮ್ಮ ತಪ್ಪೇನೂ ಇಲ್ಲ, ಮೊದಲನೆಯ ಸಲ ಬಿಚ್ಚಿದಾಗಲೇ ನಾನು ಹೇಳಬೇಕಾಗಿತ್ತು, ಮರೆತೆ ಎಂದರು.

ಅಲ್ಲಿಗೆ ಮುಗಿಯುತ್ತಿತ್ತು. ನಾನೂ ನಂಬಿಬಿಡುತ್ತಿದ್ದೆ. ಆದರೆ ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಲ್ಲಿಂದಲೇ ಅಂದರು:

"ಅಂವ ಮರ್ತಿಲ್ಲ. ಮೊದಲನೇ ಸಲನ ಹೇಳ್ಯಾನ. ಇಬತ್ತಿ ಹೊಕ್ಕೈತಿ, ಅಳಿಯಂದ್ರಿಗೆ ಕೈ ತೊಳ್ಕೊಂಡು ಕೀಲಿ ಕೊಡಾಕ ಹೇಳು ಅಂದಿದ್ದ. ನಾ ಮುಟ್ಟಿಸಲಿಲ್ಲ. ಅಳಿಯಗ ಕೈ ತೊಳ್ಕೋ ಅಂತ ಹೆಂಗ ಅನ್ನೂದು? ಅದೂ ಪೂಜಾ ಮಾಡಿದ ಕೈ. ಆಮ್ಯಾಲ ಬೀಗತಿ ಕೇಳಿದಾಗ ಬಾಯಿಗೆ ಇಂವನ ಹೆಸರ ಬಂತು."

ಗುಂಜಿಯವನು ಪಟ್ಟಿ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತ. ನನಗೆ ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಬಂದ ಸಿಟ್ಟು ಅವರ ಮುಖ ನೋಡಿ ಅಲ್ಲೇ ನಿಂತುಬಿಟ್ಟಿತು. ಅಳಿಯನ ಕಾಲಿಗೆ ನೀರು ಕೊಡಲು ನಾಚದ ಮನುಷ್ಯ, ಕೈ ತೊಳೆದುಕೊಳ್ಳಿ ಎನ್ನಲು ನಾಚಿ, ಗೆಳೆಯನನ್ನು ಮಾರಿಬಿಟ್ಟಿದ್ದರು.

ಕಾಕಾ ಕುರ್ಚಿಯಲ್ಲಿ ಕುಳಿತರು. ಅವರ ದನಿ ಏರಲಿಲ್ಲ.

"ಅಳಿಯಂದ್ರು ಮುಂದ ನಿಂತಾರಲ್ಲ, ಗುರುಪಾದಪ್ಪ. ಈಗ ಹೇಳು."

ಅಪ್ಪ ಒಳಗೆ ಬಂದರು. ಇವರ ಮುಖ ನೋಡಲಾಗದೆ ಗಾಜಿನ ಮೇಲಿದ್ದ ಗಡಿಯಾರವನ್ನೇ ನೋಡುತ್ತ ಹೇಳಿದರು: "ಅಳಿಯಂದ್ರ, ಪೂಜಾ ಆದ ಮ್ಯಾಲ ಕೈ ತೊಳ್ಕೊಂಡು ಕೀಲಿ ಕೊಡ್ರಿ."

"ಆತ್ರಿ, ಮಾವಾರ," ಅಂದರು ಇವರು.

ಅಷ್ಟೇ. ಒಂದು ಅಂಗಡಿ ಬರಿದಾದದ್ದು, ಒಂದು ಗೆಳೆತನ ಮುರಿದದ್ದು, ನಮ್ಮವ್ವ ಅತ್ತದ್ದು ಎಲ್ಲ ಈ ಒಂದು 'ಆತ್ರಿ' ಕೇಳಲು ಧೈರ್ಯವಿಲ್ಲದೆ. ಅದು ಇಷ್ಟು ಹಗುರ ಇದ್ದೀತೆಂದು ಅಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಾದಾಗ ಹೊರಗೆ ಹೋಗಿ ಬಾಕಿನ ಮೇಲೆ ಕುಳಿತರು.

ಆಮೇಲೆ ಆ ಮದುವೆ ಹಂಗಾಮಿನಲ್ಲಿ ಅಪ್ಪ ಪೇಟೆಯಲ್ಲಿ ಕಂಡಕಂಡವರಿಗೆಲ್ಲ ತಮ್ಮ ಈ ಕತೆ ತಾವೇ ಹೇಳಿಕೊಂಡು ತಿರುಗಿದರು. ನಮ್ಮತ್ತೆಯೂ ತಮ್ಮ ಬಳಗಕ್ಕೆಲ್ಲ ಹೇಳಿಸಿದರು. ಗಿರಾಕಿಗಳು ಕೆಲವರು ತಿರುಗಿ ಬಂದರು, ಕೆಲವರು ಬರಲಿಲ್ಲ. ಗಡಿಯಾರ ಮಾತ್ರ ಇವತ್ತಿಗೂ ನಡೆಯುತ್ತಿದೆ, ನನ್ನ ಮಗನ ಕೈಯಲ್ಲಿದೆ.

ಆ ರವಿವಾರ ಕಾಕಾ ಭೂತಗನ್ನಡಿಯನ್ನು ಕಣ್ಣಿಗೆ ಇಟ್ಟುಕೊಂಡರು, ತೆಗೆದು ಒರೆಸಿದರು, ಮತ್ತೆ ಇಟ್ಟುಕೊಂಡರು. ಕಡೆಗೆ ಇವತ್ತು ಬೇಡವೆಂದು ಗಡಿಯಾರವನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿದರು. ನಾನು ಹೋಗಿ ಹೋಟೆಲಿನಲ್ಲಿ ಚಹಾ ಹೇಳಿ ಬಂದೆ. ಹುಡುಗ ತಂದ ಕಪ್ಪುಗಳಲ್ಲಿ ಎರಡನ್ನು ಎಂದಿನಂತೆ ಬಾಕಿನ ಮೇಲೆ ಇಟ್ಟೆ, ಒಂದು ಅಪ್ಪನ ಬಾಜೂ, ಒಂದು ಖಾಲಿ ಜಾಗದಲ್ಲಿ. ಕಾಕಾ ಹೊರಗೆ ಬಂದರು, ತಮ್ಮ ಕಪ್ಪು ಎತ್ತಿಕೊಂಡರು, ಒಳಗೆ ಹೋಗಿ ಕುಡಿದರು.